ಅಪ್‌ಡೇಟ್: ಪೇಲವ ನೆಗೆಟಿವ್‌ಗೆ ಕಾರಣ ಸಿಕ್ತು, ಭಾನುವಾರ ಮಾರ್ಕೆಟ್‌ನಲ್ಲಿ ಸಿಗೋಣ

ಸೋದರಮಾವ ಕೊಟ್ಟ 1970ರ ದಶಕದ ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ರೋಲ್‌ಗಳೆಲ್ಲ ಪೇಲವವಾಗಿ ಬರ್ತಿವೆ, ತೊಂದರೆ ಡೆವಲಪರ್‌ದಾ (ಫಿಲ್ಮ್ ತೊಳೆಯೋ ರಾಸಾಯನಿಕ) ಕ್ಯಾಮೆರಾದ್ದಾ ಅಂತ ಕೇಳಿದ್ದೆ. ಬಹಳ ಜನ ಡೆವಲಪರ್ ಬದಲಿಸಿ ಅಂದ್ರಿ. ಕೆಲಸಕ್ಕೆ ಬಂದಿದ್ದು ಮಾತ್ರ ‘ಫಿಲ್ಮ್ ಅಂಚು ನೋಡಿ’ ಅಂದವರ ಮಾತು. ಅಂಚಿನ ಅಕ್ಷರ, ಫ್ರೇಮ್ ನಂಬರು ಕಾರ್ಖಾನೆಯಲ್ಲೇ ಎಕ್ಸ್‌ಪೋಸ್ ಆಗಿರುತ್ತವೆ. ಅವು ಮಸುಕಾದರೆ ಡೆವಲಪಿಂಗ್ ಸಾಲದು. ನೆಗೆಟಿವ್ ಕಿಟಕಿಗೆ ಹಿಡಿದೆ. ಅಂಚಲ್ಲಿ ಫಿಲ್ಮಿನ ಹೆಸರು ‘ಎಚ್‌ಪಿ5’ ಅಂತ ಕಡುಗಪ್ಪಾಗಿ ಕಾಣ್ತು, ಪಕ್ಕದ ಚಿತ್ರದ ನೆರಳಿನ ಭಾಗದಲ್ಲಿ ಏನೇನೂ ಇಲ್ಲ. ಅಂದ್ರೆ ನನ್ನ ಡೆವಲಪರ್ ಡಿ-76 ಸರಿಯಾಗೇ ಇದೆ, ಬೆಳಕೇ ಬಿದ್ದಿಲ್ಲ.

ಕಾರಣ ಬ್ಯಾಟರಿ. ಕ್ಯಾಮೆರಾದೊಳಗಿನ ಬೆಳಕು ಅಳೆಯೋ ಮೀಟರ್ ಮಾಡಿದ್ದು 1.35 ವೋಲ್ಟಿನ ಪಾದರಸದ ಸೆಲ್‌ಗೆ. ಅಂಗಡಿಯಲ್ಲಿ ಈಗ ಸಿಗೋದು 1.5 ವೋಲ್ಟಿನ ಆಲ್ಕಲೈನ್. ಹಾಗಾಗಿ ಇಲ್ಲದ ಬೆಳಕನ್ನೂ ಇದೆ ಅಂತ ತೋರಿಸ್ತಿತ್ತು, ಅದನ್ನ ನಂಬಿ ಫಿಲ್ಮಿಗೆ ಕಮ್ಮಿ ಬೆಳಕು ಬಿಡ್ತಿದ್ದೆ. ಕಿವಿ ಮಷಿನ್ನಿಗೆ ಹಾಕೋ 675 ಜಿಂಕ್-ಏರ್ ಸೆಲ್‌ಗೆ (1.4 ವೋಲ್ಟ್) ರಬ್ಬರ್ ರಿಂಗ್ ಸುತ್ತಿ ಕೂರಿಸಿದೆ. ಸ್ಟಿಕ್ಕರ್ ಕಿತ್ತಮೇಲೆ ಬಳಸದಿದ್ದರೂ ಸವೆಯುತ್ತೆ ಅನ್ನೋದೊಂದೇ ಕಿರಿಕಿರಿ. ಹೊಸ ರೋಲ್‌ನಲ್ಲಿ ಅಜ್ಜಿಯ ಕಪ್ಪು ಸೀರೆಯ ನೆರಿಗೆಯೂ ಬಿಡಿಬಿಡಿಯಾಗಿ ಕಾಣ್ತಿದೆ!

ಮೀಟರ್ ಯಾಕೆ, ‘ಸನ್ನಿ 16’ (ಬಿಸಿಲು ನೋಡಿ ಅಂದಾಜಿನಲ್ಲೇ ಸೆಟ್ಟಿಂಗ್ ಇಡೋ ಸೂತ್ರ) ಸಾಕು ಅಂದ ಹಿರಿಯರೇ, ಬಿಸಿಲಿಗೆ ಸರಿ, ಹೂವಿನ ಮಾರ್ಕೆಟ್‌ನ ಒಳಗೆ ಏನು ಮಾಡ್ತೀರಿ? ನೋಡೇಬಿಡೋಣ. ಭಾನುವಾರ ಬೆಳಗ್ಗೆ ಆರಕ್ಕೆ ಕೆ.ಆರ್. ಮಾರ್ಕೆಟ್ ಮುಂಬಾಗಿಲ ಹತ್ತಿರ ಬನ್ನಿ. ನಾನು ಐಎಸ್‌ಒ 400ರ ಫಿಲ್ಮನ್ನು 1600ಕ್ಕೆ ಪುಶ್ ಮಾಡ್ತೀನಿ (ಕಮ್ಮಿ ಬೆಳಕಲ್ಲಿ 1600 ಅಂತಲೇ ತೆಗೆದು, ಆಮೇಲೆ ಹೆಚ್ಚು ಹೊತ್ತು ಡೆವಲಪ್ ಮಾಡೋದು). ವ್ಯಾಪಾರಿಗಳನ್ನ ಕೇಳಿಯೇ ಕ್ಲಿಕ್ ಮಾಡೋದು. ಬರೋರು ಕೆಳಗೆ ತಿಳಿಸಿ, ಹೆಚ್ಚುವರಿ 675 ಸೆಲ್ ತರ್ತೀನಿ.