'ಲೆಮನ್ ಲಾ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರೋ ಕನ್ನಡದವರಿಗೆ ಅಂತ ಗ್ರಾಹಕರ ಹಕ್ಕುಗಳ ಬಗ್ಗೆ ಒಂದು ಸಣ್ಣ ಕರಪತ್ರ ಬರೀತಿದೀನಿ, ಅದ್ರಲ್ಲಿ 'ಲೆಮನ್ ಲಾ' ಹತ್ರ ಪೆನ್ನು ನಿಂತುಬಿಟ್ಟಿದೆ. ಇಲ್ಲಿನ ಇಂಗ್ಲಿಷ್ ಆಡುಮಾತಲ್ಲಿ 'ಲೆಮನ್' (ನಿಂಬೆ) ಅಂದ್ರೆ ತಗೊಂಡಾಗಿಂದಲೇ ತೊಂದರೆ ಕೊಡೋ ಗಾಡಿ. ಹೊಸ ಕಾರೋ ಟ್ರಕ್ಕೋ ವಾರಂಟಿಯಲ್ಲಿರುವಾಗ ಎಷ್ಟು ಸಲ ರಿಪೇರಿಗೆ ಬಿಟ್ರೂ ಸರಿ ಹೋಗಲಿಲ್ಲ ಅಂದ್ರೆ ಕಂಪನಿಯವರು ಬೇರೆ ಗಾಡಿ ಕೊಡಬೇಕು, ಇಲ್ಲಾ ದುಡ್ಡು ವಾಪಸ್ ಮಾಡಬೇಕು ಅನ್ನೋ ಕಾನೂನು ಇದು, ಮೂಲ 1970ರ ಸಾಂಗ್-ಬೆವರ್ಲಿ ಕಾಯ್ದೆ. ಮೊದಲ 18 ತಿಂಗಳು ಅಥವಾ 18,000 ಮೈಲಿ ಒಳಗೆ ಒಂದೇ ತೊಂದರೆಗೆ ನಾಕು ಸಲ ರಿಪೇರಿ ಆಗಿದ್ರೆ (ಪ್ರಾಣಕ್ಕೆ ಸಂಚಕಾರ ತರೋ ತೊಂದರೆ ಆದ್ರೆ ಎರಡೇ ಸಲ ಸಾಕು), ಇಲ್ಲಾ ಒಟ್ಟು 30 ದಿನಕ್ಕಿಂತ ಹೆಚ್ಚು ಗ್ಯಾರೇಜಲ್ಲೇ ಕೂತಿದ್ರೆ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಾಯ್ತು ಅಂತ ಕಾನೂನು ಭಾವಿಸುತ್ತೆ.

'ನಿಂಬೆ ಕಾನೂನು' ಅಂತ ಬರೆದ್ರೆ ನಗ್ತಾರೆ, ನಾವು ಹೊಸ ಗಾಡಿಗೆ ಪೂಜೆ ಮಾಡಿಸಿ ಚಕ್ರದಡಿ ನಿಂಬೆಹಣ್ಣು ಇಡೋದೇ ಏನೂ ಕೆಡುಕಾಗದಿರಲಿ ಅಂತ! ಡಕೋಟ, ಲಡಾಸು ಅನ್ನೋಣ ಅಂದ್ರೆ ಅವು ಓಡಿ ಓಡಿ ಸವೆದ ಗಾಡಿಗೆ ಹೇಳೋ ಮಾತು, ಶೋರೂಮಿಂದ ಬಂದ ವಾರಕ್ಕೇ ಗೇರ್ ಬೀಳದಿರೋ ಗಾಡಿಗೆ ಒಗ್ಗಲ್ಲ.

'ದೋಷಪೂರಿತ ವಾಹನ ಕಾಯ್ದೆ' ಅರ್ಥಕ್ಕೇನೋ ಸರಿ, ಆದ್ರೆ ಓದಿದ್ರೆ ಕೋರ್ಟ್ ನೋಟೀಸ್ ಥರ ಇದೆ. ಇಲ್ಲೇ ಇನ್ನೊಂದು ಅನುಮಾನ. ನಮ್ಮೂರಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ವಸ್ತುವಲ್ಲಿ ಇರೋದು ದೋಷ, ಸೇವೆಯಲ್ಲಿ ಇರೋದು ನ್ಯೂನತೆ. ಅಂದ್ರೆ ಗೇರ್‌ಬಾಕ್ಸ್ ಫ್ಯಾಕ್ಟರಿಯಿಂದಲೇ ಕೆಟ್ಟು ಬಂದಿದ್ರೆ ದೋಷ, ಡೀಲರ್ ರಿಪೇರಿ ಸರಿಯಾಗಿ ಮಾಡದೆ ತಳ್ಳಿಬಿಟ್ರೆ ನ್ಯೂನತೆ. ಪೇಪರಿನವರು ಎರಡನ್ನೂ ಕಲಸಿಬಿಡ್ತಾರೆ, ಯಾರು ಹೊಣೆ ಅನ್ನೋದೇ ಇದರ ಮೇಲೆ ನಿಂತಿರೋದ್ರಿಂದ ನಾನಂತೂ ಬೇರೆ ಬೇರೆ ಇಡೋಣ ಅಂತೀನಿ.

'ಪರಿಹಾರ'ವೂ ಕಾಟ ಕೊಡ್ತಿದೆ. ಅದು ಕೇಳಿದ ತಕ್ಷಣ ಬೆಳೆ ಪರಿಹಾರ, ನೆರೆ ಪರಿಹಾರ ಅಂತಲೇ ತಲೆಗೆ ಬರುತ್ತೆ. ಇಲ್ಲಿ ಸಿಗೋದು ಕೊಟ್ಟ ದುಡ್ಡೇ, ಮೊದಲ ಸಲ ರಿಪೇರಿಗೆ ಬಿಡೋ ಮುಂಚೆ ಓಡಿಸಿದ ಮೈಲಿಯನ್ನ 1,20,000ದಿಂದ ಭಾಗಿಸಿ ಆ ಪಾಲು ಕಡಿತ ಮಾಡ್ಕೊತಾರೆ. ಸದ್ಯಕ್ಕೆ 'ದುಡ್ಡು ವಾಪಸಾತಿ' ಅಂತ ಬರ್ಕೊಂಡಿದೀನಿ.

ಹೆಸರಿಗೆ ಮಾತ್ರ 'ಲೆಮನ್ ಲಾ' ಅಂತಲೇ ಉಳಿಸೋದು ವಾಸಿ ಅನ್ಸುತ್ತೆ, ಯಾಕಂದ್ರೆ ಕಂಪನಿ ಹಿಂದಕ್ಕೆ ತಗೊಂಡು ಮತ್ತೆ ಮಾರೋ ಗಾಡಿಯ ಟೈಟಲ್ (ಮಾಲೀಕತ್ವದ) ಪತ್ರದಲ್ಲಿ 'ಲೆಮನ್ ಲಾ ಬೈಬ್ಯಾಕ್' ಅಂತ ಅಚ್ಚಾಗಿರುತ್ತೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಅದು ಕಣ್ಣಿಗೆ ಬೀಳಬೇಕು. ಪಕ್ಕದಲ್ಲಿ ಕನ್ನಡದ ವಿವರಣೆಗೊಂದು ಪದ ಬೇಕು ಅಷ್ಟೇ. ಗ್ಯಾರೇಜಲ್ಲೋ ಲಾರಿ ಸ್ಟ್ಯಾಂಡಲ್ಲೋ, ಹೊಸದಾಗಿದ್ದಾಗಲೇ ಕೈಕೊಡೋ ಗಾಡಿಗೆ ಏನಂತಾರೆ, ಯಾರಾದ್ರೂ ಕೇಳಿದೀರಾ?