ಜಿಗಿಹುಳ, ಟಗರು ಮತ್ತು ಸೋದರಮಾವನ ಮಗಳು

"ಭತ್ತಕ್ಕೆ ಏಟ್ ಹೊಡುದ್ರೂ ಸಾಯಕಿಲ್ಲ, ಹುಳಕ್ಕೆ ಔಸ್ದಿ ಅಭ್ಯಾಸ ಆಗೋಗದೆ ಕಣಣ್ಣ," ಅಂತ ಕೆಂಪಣ್ಣ ತೀರ್ಪು ಕೊಟ್ಟ. "ನಮ್ಮೂರ ಸೋಮಂಗೆ ಎಣ್ಣೆ ಅಭ್ಯಾಸ ಆಗಿಲ್ವಾ, ಅಂಗೇಯ. ಮೊದ್ಲು ಒಂದು ಕ್ವಾರ್ಟ್ರಿಗೇ ಮೋರೀಲಿ ಬಿದ್ದಿರೋನು. ಈಗ ಮೂರು ಹಾಕ್ಕಂಡು ನೆಟ್ಟಗೆ ಸೈಕಲ್ ತುಳೀತಾನೆ. ಜಿಗಿಹುಳಾನೂ ಕುಡ್ದು ಕುಡ್ದು ಗಟ್ಟಿಯಾಗದೆ."

ಮಂಡ್ಯದ ನೂರಡಿ ರಸ್ತೆ ಪಕ್ಕದ ಸಂದಿಯಲ್ಲಿರುವ ಜಯಕ್ಕನ ಟೀ ಅಂಗಡಿಯಲ್ಲಿ ಕೆಂಪಣ್ಣನ ತೀರ್ಪಿಗೆ ಮೇಲ್ಮನವಿ ಇಲ್ಲ. ಆದರೆ ಆವತ್ತು ಬೆಂಚಿನ ತುದಿಯಲ್ಲಿ ಮೇಷ್ಟ್ರು ಕೂತಿದ್ದರು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. 2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿ ವಿಜ್ಞಾನದ ಪುಸ್ತಕದಿಂದ ಜೀವವಿಕಾಸದ ಪಾಠ ಕಿತ್ತುಹಾಕಿದ ಮೇಲೆ ಇವರಿಗೆ ಎದುರಿಗೆ ಸಿಕ್ಕವರೆಲ್ಲ ವಿದ್ಯಾರ್ಥಿಗಳೇ.

"ಕೆಂಪಣ್ಣ, ಸೋಮನ ಮಗ ಹುಟ್ಟಿದಾಗಲೇ ಮೂರು ಕ್ವಾರ್ಟರ್ ತಡ್ಕೊಳ್ತಿದ್ನೇನೋ?"

"ಎಲ್ಲಿ ತಡ್ಕಂಡಾನು? ಅದು ಅವ್ರವ್ವನ ಹಾಲ್ನೇ ಕಕ್ಕದು."

"ಹಂಗಾದ್ರೆ ಅಪ್ಪ ಮಾಡ್ಕೊಂಡ ಅಭ್ಯಾಸ ಮಗನಿಗೆ ಇಳೀಲಿಲ್ಲ. ನಿನ್ನ ಗದ್ದೇಲೂ ಯಾವ ಹುಳಾನೂ ಕುಡಿದು ಗಟ್ಟಿಯಾಗಿಲ್ಲ. ಕುಡಿದದ್ದು ಸತ್ತೋಯ್ತು. ಎಲ್ಲೋ ಒಂದೋ ಎರಡೋ, ನೀನು ಬಾಟ್ಲಿ ಮುಚ್ಚಳ ತೆಗೆಯೋಕೆ ಮುಂಚೇನೇ, ಆ ವಿಷಾನ ಒಡೆದುಹಾಕೋ ಕಿಣ್ವ ಮೈಯಲ್ಲಿ ಜಾಸ್ತಿ ಇಟ್ಕೊಂಡು ಹುಟ್ಟಿದ್ವು. ಉಳಿದದ್ದು ಅವು. ಕಂದು ಜಿಗಿಹುಳದ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ. ತಿಂಗಳು ತುಂಬೋದ್ರೊಳಗೆ ಆ ಮರಿಗಳೂ ಮೊಟ್ಟೆಗೆ ಬರ್ತವೆ. ಭತ್ತ ಕೊಯ್ಲಿಗೆ ಬರೋದ್ರೊಳಗೆ ಮೂರು ನಾಲ್ಕು ತಲೆಮಾರು ಆಗೋಗಿರುತ್ತೆ. ಸತ್ತೋರಿಗೆ ಮಕ್ಕಳಿಲ್ಲ. ಗದ್ದೆ ತುಂಬ ಈಗಿರೋದು ಉಳಿದೋರ ಮೊಮ್ಮಕ್ಕಳು. ಏಷ್ಯಾದ ಭತ್ತದ ಸೀಮೆಗಳಲ್ಲಿ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕದ ಕಥೆ ಆಗಿದ್ದು ಹಿಂಗೇ."

"ಅಂದ್ರೆ ಹುಳ ಬದಲಾಗಿಲ್ಲ ಅಂತೀರಾ?"

"ಒಂದು ಹುಳಾನೂ ಬದಲಾಗಿಲ್ಲ. ಹಿಂಡು ಬದಲಾಗಿದೆ. ಡಾರ್ವಿನ್ ಹೇಳಿದ್ದು ಇದನ್ನೇ. ಹುಟ್ಟೋದ್ರಲ್ಲಿ ಒಂದಕ್ಕೊಂದು ವ್ಯತ್ಯಾಸ ಇರುತ್ತೆ, ಆ ವ್ಯತ್ಯಾಸ ಮಕ್ಕಳಿಗೆ ಹೋಗುತ್ತೆ, ಹುಟ್ಟಿದ್ದೆಲ್ಲಾ ಉಳಿಯಲ್ಲ. ಈ ಮೂರು ಕೂಡಿದರೆ ಸಾಕು, ಯಾರೂ ಕೂತು ಯೋಜನೆ ಹಾಕಬೇಕಾಗಿಲ್ಲ. ವಿ.ಸಿ. ಫಾರಂನವರು ಕಷ್ಟಪಟ್ಟು ಭತ್ತದ ತಳಿ ಮಾಡ್ತಾರೆ. ನೀನು ವರ್ಷಾ ವರ್ಷಾ ಒಂದೇ ಔಷಧಿ ಹೊಡೆದು ಪುಕ್ಕಟೆ ಹುಳದ ತಳಿ ಮಾಡಿದೀಯಾ."

ಕೆಂಪಣ್ಣನ ಮುಖದಲ್ಲಿ ಅವಮಾನದ ಜೊತೆಗೇ ಸ್ವಲ್ಪ ಹೆಮ್ಮೆಯೂ ಕಂಡಿತು ಅಂತ ನನ್ನ ಅನುಮಾನ.

"ನಮ್ ಬೀಗ್ರು ಎಚ್.ಡಿ. ಕೋಟೇಲಿ ಬಿಟಿ ಹತ್ತಿ ಹಾಕ್ತಾರೆ, ಕಾಯಿಕೊರಕ ತಿಂದ್ರೆ ಸಾಯೋ ಅಂಥದ್ದು. ಆ ಬೀಜದ ಜೊತೇಲಿ ಇನ್ನೊಂದು ಸಣ್ಣ ಪೊಟ್ಟಣ ಕೊಡೋರು, ಬಿಟಿ ಅಲ್ದಿರೋದು. ಬಿಟ್ಟಿ ಕೊಟ್ಟಿದ್ದು ಯಾವ ಕಸಾನೋ ಏನೋ ಅಂತ ತಿಪ್ಪೆಗೆಸ್ದು ಬಂದವ್ರೆ."

ಮೇಷ್ಟ್ರು ಹಣೆ ಹಣೆ ಬಡಿದುಕೊಂಡರು. "ಅದೇ ಕಣೋ ಔಷಧಿ! ಆ ಪೊಟ್ಟಣದ ಬೀಜಾನ ಹೊಲದ ಸುತ್ತ ಹಾಕಿದ್ರೆ ಅಲ್ಲಿ ಬಡಪಾಯಿ ಹುಳಗಳು ತಿಂದು ಬೆಳೀತವೆ. ಬಿಟಿ ತಿಂದೂ ಉಳಿದ ಗಟ್ಟಿ ಹುಳ ಸಂಗಾತಿ ಹುಡುಕ್ಕೊಂಡು ಹೊರಟ್ರೆ ಸಿಗೋದು ಈ ಬಡಪಾಯಿನೇ. ಇಬ್ಬರಿಗೂ ಹುಟ್ಟಿದ ಮಕ್ಕಳು ಬಹುಪಾಲು ಮತ್ತೆ ಬಿಟಿಗೆ ಸಾಯ್ತವೆ. ಶತ್ರುವಿಗೆ ಒಂದು ಪಾಲು ಬಿಟ್ಟುಕೊಟ್ಟು ಗೆಲ್ಲೋ ಲೆಕ್ಕ. ನಿಮ್ಮ ಬೀಗರು ಆ ಲೆಕ್ಕಾನ ತಿಪ್ಪೆಗೆ ಹಾಕಿದ್ರು. ಗುಲಾಬಿ ಕಾಯಿಕೊರಕ ಈಗ ಬಿಟಿ ಹತ್ತೀನೂ ತಿಂದು ತೇಗ್ತಿದೆ."

ಬೆಲ್ಲದ ವ್ಯಾಪಾರಕ್ಕೆ ಮೈಸೂರಿನ ಮಂಡಿ ಮೊಹಲ್ಲಾದಿಂದ ಬರುವ ನಯಾಜ್ ಭಾಯ್‌ಗೆ ಹುಳ, ಹತ್ತಿ ಎರಡರಲ್ಲೂ ಆಸಕ್ತಿ ಇಲ್ಲ. ಅವರ ಜೀವ ಇರುವುದು ಮನೆ ತಾರಸಿಯ ಪಾರಿವಾಳಗಳಲ್ಲಿ. "ನಮ್ಮ ಹಕ್ಕೀನೂ ಹಂಗೇ ಅಲ್ವಾ ಮೇಷ್ಟ್ರೇ? ಚೆನ್ನಾಗಿ ಹಾರೋದಕ್ಕೆ ಚೆನ್ನಾಗಿ ಹಾರೋದನ್ನೇ ಜೋಡಿ ಹಾಕ್ತೀವಿ."

"ಭಾಯ್, ಡಾರ್ವಿನ್ನೇ ಪಾರಿವಾಳ ಸಾಕಿದೋನು. ಲಂಡನ್ನಿನಲ್ಲಿ ಪಾರಿವಾಳದವರ ಎರಡು ಕ್ಲಬ್ಬಿಗೆ ಮೆಂಬರ್ ಆಗಿದ್ದ. 1859ರಲ್ಲಿ ಬಂದ ಆ ದೊಡ್ಡ ಪುಸ್ತಕದ ಮೊದಲನೇ ಅಧ್ಯಾಯದಲ್ಲೇ ಪಾರಿವಾಳದ ಪುರಾಣ ಇದೆ. ಮನುಷ್ಯ ಆರಿಸಿ ಆರಿಸಿ ಇಷ್ಟು ಬಗೆ ಹಕ್ಕಿ ಮಾಡಬಹುದಾದ್ರೆ, ಬಿಸಿಲು ಬರ ರೋಗ ಎಲ್ಲ ಸೇರಿ ಕೋಟ್ಯಂತರ ವರ್ಷದಲ್ಲಿ ಏನು ಮಾಡಲಿಕ್ಕಿಲ್ಲ ಅಂತ ಅವನ ಪ್ರಶ್ನೆ."

ನಯಾಜ್ ಭಾಯ್ ಎದೆ ಎರಡು ಇಂಚು ಮುಂದೆ ಬಂತು. ಇಪ್ಪತ್ತು ವರ್ಷದಿಂದ ಹೆಂಡತಿ ಹತ್ತಿರ ಬೈಸಿಕೊಂಡ ಹವ್ಯಾಸಕ್ಕೆ ಇಂಗ್ಲೆಂಡಿನಿಂದ ಸರ್ಟಿಫಿಕೇಟ್ ಸಿಕ್ಕಿತ್ತು. ಕೆಂಪಣ್ಣನೂ ಬಿಡಲಿಲ್ಲ: ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ, ಆ ಗಿಡ್ಡ ಕಾಲು, ಆ ತುಂಬಿದ ಮೈ, ಅದನ್ನು ಆರಿಸಿ ಆರಿಸಿ ಮಾಡಿದ ನಮ್ಮ ಕುರುಬರ ಅಜ್ಜಂದಿರಿಗೆ ಯಾವ ಕ್ಲಬ್ಬು ಅಂತ ಕೇಳಿದ. ಮಾತು ಟಗರಿನಿಂದ ಬಾಡಿಗೆ, ಬಾಡಿನಿಂದ ಮುದ್ದೆಗೆ ಜಾರಿತು. ಮಂಡ್ಯದಲ್ಲಿ ಯಾವ ವಿಷಯ ಎತ್ತಿದರೂ ಕೊನೆಗೆ ಅಲ್ಲಿಗೇ.

ಅಷ್ಟರಲ್ಲಿ ಜಿಮ್ ಮುಗಿಸಿ ಪುಟ್ಟರಾಜು ಬಂದ. ಅವನ ತೋಳು ಬನಿಯನ್ನಿನ ತೋಳಿನೊಳಗೆ ಹಿಡಿಸುವುದಿಲ್ಲ. "ಬಲ ಇದ್ದೋನು ಉಳೀತಾನೆ, ಇಲ್ದೋನು ಹೋಯ್ತಾನೆ. ಅಷ್ಟೇ ಅಲ್ವಾ ಮೇಷ್ಟ್ರೇ ಡಾರ್ವಿನ್ನು?"

"ನಿನಗೆಷ್ಟು ಮಕ್ಕಳಪ್ಪ?"

ಇದು ಕ್ರೂರವಾಯಿತು. ಪುಟ್ಟರಾಜುಗೆ ಮೂವತ್ತನಾಲ್ಕು, ಹೆಣ್ಣು ಸಿಕ್ಕಿಲ್ಲ. 2023ರಲ್ಲಿ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಮದುವೆಯಾಗದ ಗಂಡುಗಳು ಪಾದಯಾತ್ರೆ ಹೋದರಲ್ಲ, ಅದರಲ್ಲಿ ಇವನೂ ನಡೆದಿದ್ದ.

"ತಪ್ಪು ತಿಳ್ಕೋಬೇಡ. ಪ್ರಕೃತಿ ತೋಳು ಅಳೆಯಲ್ಲ, ಮುಂದಿನ ತಲೆಮಾರಿನಲ್ಲಿ ನಿನ್ನವರು ಎಷ್ಟು ಮಂದಿ ಅಂತ ಎಣಿಸುತ್ತೆ. ಆ ಲೆಕ್ಕದಲ್ಲಿ ಏಳು ಮಕ್ಕಳ ಸೋಮ ನಿನಗಿಂತ ಪೈಲ್ವಾನ. ನವಿಲನ್ನೇ ನೋಡು. ಅಷ್ಟುದ್ದ ಗರಿ ಹೊತ್ಕೊಂಡು ಓಡಕ್ಕಾಗಲ್ಲ, ಬಚ್ಚಿಟ್ಕೊಳ್ಳಕ್ಕಾಗಲ್ಲ. ಬದುಕಿಗೆ ಭಾರ. 'ನವಿಲುಗರಿ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತೆ' ಅಂತ 1860ರಲ್ಲಿ ಡಾರ್ವಿನ್ ಸ್ನೇಹಿತನಿಗೆ ಕಾಗದ ಬರೆದಿದ್ದ. ಆಮೇಲೆ ಗುಟ್ಟು ಹೊಳೀತು. ಹೆಣ್ಣು ನವಿಲು ಆರಿಸಿಕೊಳ್ಳುತ್ತೆ. ಅದು ಒಪ್ಪಿದ ಗರಿ ಮುಂದಿನ ತಲೆಮಾರಿಗೆ ಹೋಗುತ್ತೆ."

"ಆದಿಚುಂಚನಗಿರೀಲಿ ನವಿಲಿಗೆ ಗರಿ ಸಾಕು ಸಾ. ನಮ್ಗೆ ಸರ್ಕಾರಿ ಕೆಲಸ ಅದಾ, ಬೆಂಗಳೂರಲ್ಲಿ ಸೈಟ್ ಅದಾ ಅಂತಾರೆ. ಇದ್ನ ನೋಡೋರೇ ಇಲ್ಲ," ಅಂತ ಪುಟ್ಟರಾಜು ತನ್ನ ತೋಳನ್ನು ದುಃಖದಿಂದ ನೋಡಿಕೊಂಡ.

ಟೀ ಸೋಸುತ್ತಿದ್ದ ಜಯಕ್ಕ ತಲೆ ಎತ್ತಲಿಲ್ಲ. "ಆಲೆಮನೇಲಿ ಕದ್ದು ಸ್ಕ್ಯಾನ್ ಮಾಡ್ಸಿ ಹೆಣ್ಣು ಅಂದ್ರೆ ಹೊಟ್ಟೇಲೇ ತೆಗ್ಸಿದ ಜಿಲ್ಲೆ ಇದು. ಈಗ ಮಾದಪ್ಪನ್ನ ಕೇಳುದ್ರೆ ಅವ್ನು ಎಲ್ಲಿಂದ ತಂದ್ಕೊಟ್ಟಾನು?"

ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಯಾಜ್ ಭಾಯ್ ಸುಮ್ಮನೆ ಇನ್ನೊಂದು ರೌಂಡ್ ಟೀ ಹೇಳಿದರು.

ಪುಟ್ಟರಾಜು ಸೋಲುವವನಲ್ಲ. ತಾನು ಇಷ್ಟು ವರ್ಷ ಎತ್ತಿದ ಕಬ್ಬಿಣಕ್ಕೆ ಮಗನಾದರೂ ಗಟ್ಟಿಮುಟ್ಟಾಗಿ ಹುಟ್ಟಬೇಕಲ್ಲ ಅಂದ. ಮೈಸೂರು ಮೃಗಾಲಯದ ಜಿರಾಫೆ ಕತ್ತು ಎಳೆದು ಎಳೆದೇ ಉದ್ದ ಆದದ್ದು ಅಂತ ಅವನಿಗೆ ಯಾರೋ ಹೇಳಿದ್ದರಂತೆ.

"ಅದು 1809ರಲ್ಲಿ ಲಾಮಾರ್ಕ್ ಅನ್ನೋ ಫ್ರೆಂಚ್ ವಿಜ್ಞಾನಿ ಹೇಳಿದ್ದು. ಜಯಕ್ಕ, ನಿಮ್ಮ ಮನೇಲಿ ಎಷ್ಟು ತಲೆಮಾರಿಂದ ಕಿವಿ ಚುಚ್ಚಿಸ್ತಿದೀರಿ?"

"ಅದ್ಯಾರಿಗ್ ಗೊತ್ತು! ಅಜ್ಜಿಯ ಅಜ್ಜಿಗೂ ಚುಚ್ಚಿದ್ರಂತೆ."

"ಯಾವ ಮಗುವಾದ್ರೂ ತೂತಿನ ಕಿವಿ ಇಟ್ಕೊಂಡೇ ಹುಟ್ಟಿದ್ಯಾ? ವೈಸ್‌ಮಾನ್ ಅನ್ನೋ ಜರ್ಮನ್ ವಿಜ್ಞಾನಿ ಐದು ತಲೆಮಾರು ಇಲಿಗಳ ಬಾಲ ಕತ್ತರಿಸಿದ. ಹುಟ್ಟಿದ ಮರಿ 901, ಅಷ್ಟಕ್ಕೂ ಬಾಲ ಇತ್ತು. ನಿಮ್ಮಜ್ಜಿ ಪ್ರಯೋಗ ಅದಕ್ಕಿಂತ ದೊಡ್ಡದು, ಬರೆದಿಡಲಿಲ್ಲ ಅಷ್ಟೇ. ಜಿರಾಫೆ ಕತ್ತಲ್ಲೂ ನಮ್ಮ ಹಾಗೆ ಏಳೇ ಮೂಳೆ. ಒಂದೊಂದೂ ಉದ್ದ. ಹಳೇದನ್ನೇ ಎಳೆದು ತಿದ್ದಿ ಹೊಂದಿಸೋದು ಬಿಟ್ಟರೆ ಪ್ರಕೃತಿಗೆ ಹೊಸದಾಗಿ ಕಟ್ಟೋ ಅಭ್ಯಾಸ ಇಲ್ಲ."

ಹಳೇದು ಅಂದರೆ ಎಂಥದ್ದು ಅಂತ ತೋರಿಸಲು ಮೇಷ್ಟ್ರು ಎಲ್ಲರ ಕೈ ಚಾಚಿಸಿದರು. ಹೆಬ್ಬೆರಳು ಕಿರುಬೆರಳು ತುದಿ ಕೂಡಿಸಿ, ಮಣಿಕಟ್ಟು ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಹುರಿ ಎದ್ದರೆ ಪಾಮಾರಿಸ್ ಲಾಂಗಸ್ ಅನ್ನುವ ಹಳೇ ಸ್ನಾಯು ನಿಮಗಿದೆ, ಏಳದಿದ್ದರೆ ಇಲ್ಲ. ನೂರರಲ್ಲಿ ಹತ್ತು ಹದಿನೈದು ಮಂದಿಗೆ ಇರುವುದಿಲ್ಲವಂತೆ. ಇಲ್ಲದಿದ್ದರೂ ಹಿಡಿತಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಎಷ್ಟು ಬೇಡವಾದದ್ದೆಂದರೆ, ಬೇರೆ ಕಡೆ ರಿಪೇರಿಗೆ ಹುರಿ ಬೇಕಾದಾಗ ಸರ್ಜನ್‌ಗಳು ಮೊದಲು ಕೈ ಹಾಕುವುದು ಇದಕ್ಕೇ.

ಆಗ ನೋಡಬೇಕಿತ್ತು ಸಂದಿಯನ್ನು. ಹಾದು ಹೋಗುತ್ತಿದ್ದ ಆಟೋದವನೂ ನಿಲ್ಲಿಸಿ ಕೈ ಬಗ್ಗಿಸಿದ. ಕೆಂಪಣ್ಣನಿಗೆ ಎರಡೂ ಕಡೆ ಹಗ್ಗದ ಹಾಗೆ ಎದ್ದಿತು. ನನಗೂ ಇತ್ತು. ಜಯಕ್ಕನಿಗೆ ಎಡಗೈಯಲ್ಲಿ ಮಾತ್ರ. ಪುಟ್ಟರಾಜುಗೆ, ಅಷ್ಟು ದೊಡ್ಡ ತೋಳಿನ ಕೊನೆಗೆ, ಎರಡೂ ಕಡೆ ಬೋಳು. ಅವನು ಮೂರು ಸಲ ಬಗ್ಗಿಸಿದ. ಪಕ್ಕದ ಮೇಜಿನ ಟೀ ಚೆಲ್ಲಿತು. "ನೀನೇ ಕಣೋ ಮುಂದುವರಿದೋನು," ಅಂತ ನಯಾಜ್ ಭಾಯ್ ಸಮಾಧಾನ ಮಾಡಿದರೆ ಮೇಷ್ಟ್ರು ಅದನ್ನೂ ಬಿಡಲಿಲ್ಲ: "ಮುಂದೂ ಇಲ್ಲ ಹಿಂದೂ ಇಲ್ಲ ಭಾಯ್. ಇದು ಮೆಟ್ಟಲಲ್ಲ, ಮೇಲೆ ಯಾರೂ ಕೂತಿಲ್ಲ."

"ಅಂಗಾರೆ ಇದ್ ಏಳಿ," ಕೆಂಪಣ್ಣ ಕಡೆಗೂ ಆ ಪ್ರಶ್ನೆ ತೆಗೆದ. "ಮಂಗನಿಂದ ಮನ್ಸ ಆದ ಅಂತೀರಲ್ಲ, ಚಾಮುಂಡಿ ಬೆಟ್ಟದಲ್ಲಿ ನನ್ ಕೈಲಿದ್ದ ತೆಂಗಿನಕಾಯಿ ಕಿತ್ಕಂಡದ್ದು ಯಾಕಿನ್ನೂ ಮಂಗ್ನಾಗೇ ಕೂತದೆ?"

"ಆ ಮಂಗದಿಂದ ನೀನು ಹುಟ್ಟಿಲ್ಲಪ್ಪ. ಅದು ನಿನ್ನ ದಾಯಾದಿ. ಇಬ್ಬರಿಗೂ ಒಬ್ಬನೇ ಮೂಲಪುರುಷ. ಅವನು ಮಂಗನೂ ಅಲ್ಲ, ಕೆರಗೋಡಿನ ಕೆಂಪಣ್ಣನೂ ಅಲ್ಲ."

"ಪಾಲಾಗಿ ಏಸು ವರ್ಸ ಆಯ್ತು?"

"ಎರಡೂವರೆಯಿಂದ ಮೂರು ಕೋಟಿ ವರ್ಷ."

"ಬುಡಿ, ಇನ್ನು ಕೇಸು ನಿಲ್ಲಕಿಲ್ಲ." ಸಿವಿಲ್ ಕೋರ್ಟಿನಲ್ಲಿ ಅಣ್ಣತಮ್ಮಂದಿರ ಜೊತೆ ಸವೆದ ಅನುಭವ ಆ ಮಾತಲ್ಲಿ ಇತ್ತು. ಬಾಲ ಯಾರ ಪಾಲಿಗೆ ಹೋಯಿತು ಅಂತ ಮಾತ್ರ ವಿಚಾರಿಸಿದ. ಮಂಗಗಳಿಗೆ ಉಳಿಯಿತು, ನಮ್ಮ ಕವಲಿನವರು ಕಳೆದುಕೊಂಡೆವು, ಜೀನೊಂದರ ಒಳಗೆ ಡಿಎನ್‌ಎಯ ಒಂದು ಚೂರು ಬಂದು ಸೇರಿಕೊಂಡದ್ದು ಇದಕ್ಕೆ ಕಾರಣವಿರಬೇಕು ಅಂತ 2024ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ ಅಂದರು ಮೇಷ್ಟ್ರು. ಯಾರಿಗೂ ಬೇಜಾರಾದ ಹಾಗೆ ಕಾಣಲಿಲ್ಲ.

ಜಯಕ್ಕ ಗೊನೆಯಿಂದ ಬಾಳೆಹಣ್ಣು ಕಿತ್ತು ಕೊಟ್ಟಳು. ನಂಜನಗೂಡು ರಸಬಾಳೆ ಎಲ್ಲಿ ಹೋಯ್ತಮ್ಮ ಅಂತ ನಾನು ಕೇಳಿದೆ, ಕೇಳಬಾರದಿತ್ತು, ಮೇಷ್ಟ್ರಿಗೆ ಇನ್ನೊಂದು ಪೀರಿಯಡ್ ಸಿಕ್ಕಿತು. ರಸಬಾಳೆಗೆ ಬೀಜ ಇಲ್ಲ, ಕಂದು ಕಿತ್ತು ನೆಡುವುದು. ಹಾಗಾಗಿ ತೋಟದ ಗಿಡವೆಲ್ಲ ಒಂದೇ ಗಿಡದ ನಕಲು. ಮಣ್ಣಿನಲ್ಲಿದ್ದ ಪನಾಮಾ ಸೊರಗು ರೋಗದ ಶಿಲೀಂಧ್ರಕ್ಕೆ ಒಂದು ಗಿಡದ ಬೀಗ ತೆರೆದರೆ ಎಲ್ಲದರದೂ ತೆರೆದ ಹಾಗೆ. ಕೆಂಪಣ್ಣನ ಹುಳದಲ್ಲಿ ಇದ್ದಂಥ ಒಂದೆರಡು ಗಟ್ಟಿ ಪಿಂಡ ಇಲ್ಲಿ ಇರಲಿಲ್ಲ, ಆರಿಸಲು ಏನೂ ಇಲ್ಲದೆ ತೋಟಕ್ಕೆ ತೋಟವೇ ಒಣಗಿತು. ನಂಜನಗೂಡಿನ ಸುತ್ತಲೇ ಈಗ ಅದನ್ನು ಹುಡುಕಬೇಕು.

ಪುಟ್ಟರಾಜು ಬೆಂಚಿನಲ್ಲಿ ಮುಂದೆ ಸರಿದು ಕೂತ. "ಮೇಷ್ಟ್ರೇ, ಸೋದರಮಾವನ ಮಗಳನ್ನ ತಂದ್ಕಂಡ್ರೂ ಹಿಂಗೇನಾ? ನಮ್ಮವ್ವ ಅವ್ರಣ್ಣನ ಮಗಳನ್ನೇ ಮಾಡ್ಕೋ ಅಂತ ಪ್ರಾಣ ತಿಂತಾವಳೆ. ಒಟ್ಟಿಗೆ ಬೆಳೆದೋರು ಸಾ. ಅವಳಿಗೂ ಬೇಡ, ನಂಗೂ ಬೇಡ. ನೀವೊಂದ್ಸಲ ಬಂದು ಬಾಳೆಹಣ್ಣಿನ ರೋಗ ಹೇಳ್ಬುಡಿ."

"ಬಾಳೆಯಷ್ಟು ಕೆಟ್ಟದ್ದಲ್ಲ. ನಿಮ್ಮಿಬ್ಬರ ಜೀನ್‌ನಲ್ಲಿ ಎಂಟರಲ್ಲೊಂದು ಪಾಲು ಒಂದೇ. ಅಕ್ಕನ ಮಗಳಾದ್ರೆ ನಾಲ್ಕರಲ್ಲೊಂದು. ಒಂದೇ ದೋಷ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಕೂಡೋ ಸಾಧ್ಯತೆ ಜಾಸ್ತಿ ಆಗುತ್ತೆ. ಅದನ್ನ ಹೇಳಬಹುದು." ಇಲ್ಲಿಗೆ ನಿಲ್ಲಿಸಿದ್ದರೆ ಪುಟ್ಟರಾಜುವಿನ ಕೆಲಸ ಆಗಿರುತ್ತಿತ್ತು. ಮೇಷ್ಟ್ರಿಗೆ ನಿಲ್ಲಿಸಿ ಗೊತ್ತಿಲ್ಲ. "ಪಾಪ, ಡಾರ್ವಿನ್‌ನೂ ಜೀವನಪೂರ್ತಿ ಈ ಚಿಂತೆಯಲ್ಲೇ ಇದ್ದ. ಅವನಿಗೆ ಹತ್ತು ಮಕ್ಕಳು, ಮೂವರು ಚಿಕ್ಕವರಿದ್ದಾಗಲೇ ಹೋದರು. 1871ರ ಜನಗಣತಿಯಲ್ಲಿ ಇಂಥ ಮದುವೆ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಪಾರ್ಲಿಮೆಂಟಿನ ತನಕ ಹೋದ. ಅವರು ಒಪ್ಪಲಿಲ್ಲ."

"ಅವನಿಗ್ಯಾಕೆ ಆ ಚಿಂತೆ?" ಕೆಂಪಣ್ಣನ ಕಿವಿ ನೆಟ್ಟಗಾಯಿತು.

"ಅವನು ಮದುವೆ ಆದದ್ದು ಸ್ವಂತ ಸೋದರಮಾವನ ಮಗಳು ಎಮ್ಮಾಳನ್ನ. 1839ರಲ್ಲಿ. ಅಪ್ಪ ಲೋಕ ಸುತ್ತೋ ಹಡಗು ಹತ್ತಬೇಡ ಅಂದಾಗ ಬುದ್ಧಿ ಹೇಳಿ ಒಪ್ಪಿಸಿದ್ದೂ ಆ ಮಾವನೇ. ಮದುವೆಗೆ ಮುಂಚೆ ಕಾಗದದ ಮೇಲೆ ಆಗಬೇಕು, ಬೇಡ ಅಂತ ಎರಡು ಪಟ್ಟಿ ಮಾಡಿದ್ದ. ಹೆಂಡತಿ ಅಂದ್ರೆ ಹೆಂಗಿದ್ರೂ ನಾಯಿಗಿಂತ ವಾಸಿ ಅಂತ ಬರೆದಿದ್ದ."

"ಆ ಚೀಟಿ ಆಯಮ್ಮನ ಕೈಗೆ ಸಿಕ್ಕಿದ್ರೆ ಆಗ ಗೊತ್ತಾಗಿರೋದು ಯಾರು ಉಳೀತಾರೆ ಅಂತ," ಅಂದಳು ಜಯಕ್ಕ.

ಆದರೆ ಕೆಂಪಣ್ಣ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎದ್ದು ರಸ್ತೆ ಕಡೆ ನಾಲ್ಕು ಹೆಜ್ಜೆ ಹೋಗಿ ಒಂದು ಕಿವಿ ಮುಚ್ಚಿಕೊಂಡು ಮೊಬೈಲಿನಲ್ಲಿ ಕೂಗುತ್ತಿದ್ದ: "ಅಕ್ಕೋ, ಕೆಂಪಣ್ಣ ಮಾತಾಡ್ತಿರದು. ಇಂಗ್ಲೆಂಡಲ್ಲಿ ಡಾರ್ವಿನ್ನು ಅಂತ ಒಬ್ರು ಬಾಳ ದೊಡ್ ಮನ್ಸ ಇದ್ರಂತೆ ಕಣಕ್ಕ..."

ಪುಟ್ಟರಾಜು ಬೆಂಚು ಹಾರಿ ಓಡಿದ.