ಅಪ್‌ಡೇಟ್: ಪಿಕಪ್ ಮುಗ್ಗರಿಸೋದು ನಿಂತಿತು, ತೊಂದರೆ ಇದ್ದದ್ದು ಕೊನೇ ಸ್ಪಾರ್ಕ್ ಪ್ಲಗ್ ಕೂರೋ ಗುಂಡಿಯಲ್ಲಿ

ಟೆಕ್ಸಸ್‌ನಲ್ಲಿರೋ ನನ್ನ 1999ರ ವಿ8 ಪೆಟ್ರೋಲ್ ಪಿಕಪ್ ಏರು ಹತ್ತುವಾಗ ಮುಗ್ಗರಿಸುತ್ತೆ, ಹಿಂದಿನ ಪ್ಲಗ್‌ಗಳಿಗೆ ಕೈಯೇ ಹೋಗಲ್ಲ ಅಂತ ಕೇಳಿದ್ದೆ. ಈಗ ಗಾಡಿ ಸರಿಹೋಗಿದೆ.

ಫ್ಯೂಯೆಲ್ ಫಿಲ್ಟರ್ ಬದಲಾಯಿಸಿದೆ, ಏರ್‌ಫ್ಲೋ ಸೆನ್ಸರ್ ಕ್ಲೀನ್ ಮಾಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. "ಕಾಯಿಲ್ ಬೂಟ್ ಬಿಚ್ಚಿ ನೋಡಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು, ಅವರಿಗೆ ತುಂಬಾ ಥ್ಯಾಂಕ್ಸ್. (ಬೂಟ್ ಅಂದ್ರೆ ಕಿಡಿಗೆ ವೋಲ್ಟೇಜ್ ಕೊಡೋ ಕಾಯಿಲನ್ನ ಪ್ಲಗ್‌ಗೆ ಜೋಡಿಸೋ ರಬ್ಬರ್ ಕೊಳವೆ.) ಬಲಗಡೆ ಕೊನೇ ಸಿಲಿಂಡರಿನ ಬೂಟ್ ಎಳೆದರೆ ತುದಿಯಿಂದ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ತೊಟ್ಟಿಕ್ಕುತ್ತಿತ್ತು, ರಬ್ಬರಿನ ಮೇಲೆ ಬೂದು ಬಣ್ಣದ ಸಣ್ಣ ಗೆರೆ. ಕಿಡಿ ಪ್ಲಗ್ ಬಿಟ್ಟು ಆ ಗೆರೆ ಹಿಡಿದು ಇಂಜಿನ್ನಿನ ಮೇಲಿನ ಲೋಹದ ಹೆಡ್‌ಗೆ ಹಾರುತ್ತಿತ್ತು. ಲೋಡ್ ಬಿದ್ದಾಗ ಸಿಲಿಂಡರಿನ ಒತ್ತಡ ಏರಿ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕಾಗುತ್ತೆ. ಅದಕ್ಕೇ ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಕೈಕೊಡುತ್ತಿತ್ತು. ಆಶ್ಚರ್ಯ ಅಂದ್ರೆ, ಇದಕ್ಕೆಲ್ಲ ಮೂಲ ಮೇಲೆ ಸೋರುತ್ತಿದ್ದ ಹೀಟರ್ ಹೋಸ್, ಅಂದ್ರೆ ಗಾಡಿಯೊಳಗಿನ ಹೀಟರಿಗೆ ಕೂಲೆಂಟ್ ಒಯ್ಯೋ ಪೈಪ್. ಅದನ್ನ ಹಾಗೇ ಬಿಟ್ಟು ಬರೀ ಹೊಸ ಬೂಟ್ ಹಾಕಿದ್ದರೆ ಮತ್ತೆ ಅದೇ ಕಥೆ.

ಹಿಂದಿನ ಪ್ಲಗ್‌ಗಳಿಗೆ ಚಿಕ್ಕ ಎಕ್ಸ್‌ಟೆನ್ಷನ್‌ಗಳನ್ನ (ಪಾನಾದ ಉದ್ದ ಹೆಚ್ಚಿಸೋ ಕಡ್ಡಿಗಳು) ಗುಂಡಿಯೊಳಗೇ ಒಂದೊಂದಾಗಿ ಜೋಡಿಸಿ, ಮೇಲೆ ಓರೆಯಾಗಿ ಬಾಗೋ ಯುನಿವರ್ಸಲ್ ಜಾಯಿಂಟ್ ಹಾಕಿ. ಪ್ಲಗ್ ಬಿಚ್ಚೋ ಮೊದಲು ಗುಂಡಿಗೆ ಕಂಪ್ರೆಸರ್ ಗಾಳಿ ಹೊಡೀರಿ, ಇಲ್ಲಾಂದ್ರೆ ಮಣ್ಣು ಸಿಲಿಂಡರಿಗೆ ಬೀಳುತ್ತೆ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು, ಹಾಗಾಗಿ ಇಂಜಿನ್ ಪೂರ್ತಿ ತಣ್ಣಗಾಗಲೇಬೇಕು. ಹೊಸ ಪ್ಲಗ್ಗನ್ನ ರಬ್ಬರ್ ಹೋಸ್ ತುಂಡಿಗೆ ಸಿಕ್ಕಿಸಿ ಮೊದಲ ಸುತ್ತುಗಳನ್ನ ಕೈಯಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಕೂತರೆ ಹೋಸ್ ಜಾರುತ್ತೆ, ಹೆಡ್ ಉಳಿಯುತ್ತೆ.